ಲ್ವಾರ್ ನದಿ ದಂಡೆ, ಎರಡು ಸೈಕಲ್ಲು, ಮುರಿದ ಮೂರು ಕಡ್ಡಿ

ಭಾನುವಾರ ಮಧ್ಯಾಹ್ನ ಫ್ರಾನ್ಸಿನ ನಾಂತ್ ಊರು ಮುಟ್ಟಿದೆವು. ಓರ್ಲೆಯಾಂನಿಂದ ಹೊರಟು ಒಂಬತ್ತು ದಿನ, ಮೀಟರಿನಲ್ಲಿ 383 ಕಿ.ಮೀ. ಅರಮನೆಗಳ ಫೋಟೋ ನಮ್ಮ ಹತ್ತಿರ ಕಡಿಮೆ. ಇರುವ ಫೋಟೋಗಳಲ್ಲಿ ಅರ್ಧಕ್ಕರ್ಧ ಹಿಂದಿನ ಚಕ್ರದವೇ. ಗಂಡ ಹೆಂಡತಿ ಇಬ್ಬರೇ ಟೆಂಟು ಕಟ್ಟಿಕೊಂಡು ಹೀಗೆ ಹೊರಡುವ ಆಲೋಚನೆ ಇರುವವರಿಗೆ ಉಪಯೋಗವಾಗಲಿ ಎಂದು, ಏನು ಮಾಡಿದೆ, ಎಲ್ಲಿ ತಪ್ಪಿದೆ, ಎಷ್ಟು ಖರ್ಚಾಯಿತು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ದಾರಿಯ ಬಗ್ಗೆ ಎರಡು ಮಾತು. ಇದನ್ನು ಇಲ್ಲಿ 'ಲ ಲ್ವಾರ್ ಅ ವೆಲೊ' ಎನ್ನುತ್ತಾರೆ. ನೆವೇರ್ ಹತ್ತಿರದ ಕ್ಯೂಫಿಯಿಂದ ಸೇಂ ಬ್ರೆವಾಂ ಕಡಲತೀರದವರೆಗೆ ಸುಮಾರು 900 ಕಿ.ಮೀ. ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗೆ ಹೋಗುವ ಯೂರೋವೆಲೊ 6 ಎಂಬ ಉದ್ದದ ಸೈಕಲ್ ದಾರಿ ಕೂಡ ಈ ಭಾಗದಲ್ಲಿ ಇದೇ ದಾರಿ ಹಿಡಿಯುತ್ತದೆ. ನಾವು ಮಾಡಿದ್ದು ಇದರ ಮಧ್ಯದ ಒಂದು ತುಂಡು. ಹೆಚ್ಚಿನಂಶ ಸಮತಟ್ಟು, ಬಹಳ ಕಡೆ ಪ್ರವಾಹ ತಡೆಯಲು ಕಟ್ಟಿದ ಏರಿಯ ಮೇಲೆಯೇ ಸಾಗುತ್ತದೆ. ದಾರಿಯಲ್ಲಿ ಕಷ್ಟವಿಲ್ಲ. ನಮ್ಮ ಕಷ್ಟವೆಲ್ಲ ನಾವೇ ಹೇರಿಕೊಂಡ ತೂಕದಿಂದ ಬಂತು.

ಹಂತ 1: ಏಪ್ರಿಲ್, ಮನೆಯಲ್ಲಿ ತಯಾರಿ

ತಿಪಟೂರಿನಲ್ಲಿ ಅಪ್ಪನಿಗೆ ಸೈಕಲ್ ಶಾಪ್ ಇತ್ತು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂತಿರುತ್ತಿದ್ದೆ. ಪಂಕ್ಚರ್ ಹಾಕುವುದು, ಚಕ್ರದ ನಡುವಿನ ಹಬ್ಬಿಗೆ ಗ್ರೀಸ್ ತುಂಬುವುದು, ರಿಮ್ಮಿನ ಬೆಂಡ್ ತೆಗೆಯುವುದು ಎಲ್ಲ ಅಲ್ಲೇ ಕಲಿತದ್ದು. ಹಾಗಾಗಿ ಪ್ಯಾರಿಸ್ ಪಕ್ಕದ ನಮ್ಮ ಬಾಡಿಗೆ ಮನೆಯಲ್ಲೂ ಸೈಕಲ್ಲಿನ ಕೆಲಸ ನನ್ನದು, ನಕ್ಷೆ ಮತ್ತು ಫ್ರೆಂಚಿನಲ್ಲಿ ಮಾತುಕತೆ ಇವರದು.

ನನ್ನ ಸೈಕಲ್ಲು ಮೂರು ವರ್ಷ ಹಳೆಯದು, ಡಬಲ್ ಗೋಡೆಯ ರಿಮ್ಮು, ಗಟ್ಟಿಮುಟ್ಟು. ಇವರಿಗಾಗಿ 120 ಯೂರೋ ಕೊಟ್ಟು ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ತಂದೆವು. 1990ರ ದಶಕದ ಮಾಲು. ಉಕ್ಕಿನ ಫ್ರೇಮು, ಹಿಂದೆ ಏಳು ಗೇರು, ಚಕ್ರಕ್ಕೆ 36 ಕಡ್ಡಿ (ಸ್ಪೋಕು), ಸಿಂಗಲ್ ಗೋಡೆಯ ರಿಮ್ಮು. ಈ ಸಿಂಗಲ್ ಗೋಡೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮಾಡಿದ ಕೆಲಸ: ಎರಡೂ ಹಬ್ಬು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸು, ಹೊಸ ಚೈನು, ಹೊಸ ಬ್ರೇಕ್ ರಬ್ಬರು. ಎರಡಕ್ಕೂ 38 ಮಿ.ಮೀ. ಅಗಲದ ಹೊಸ ಟಯರು. ಇವರದಕ್ಕೆ ಹಿಂದೆ ಕ್ಯಾರಿಯರ್. ಎರಡು ವಾರಾಂತ್ಯ ಹಿಡಿಯಿತು.

ಮಾಡದ ಕೆಲಸ: ಹಿಂದಿನ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಮೀಟಿ ನೋಡಲಿಲ್ಲ. ಚಕ್ರ ನೇರವಾಗಿ ತಿರುಗುತ್ತಿತ್ತು, ಅಷ್ಟು ಸಾಕೆಂದುಕೊಂಡೆ. ಅಪ್ಪ ಯಾವ ಚಕ್ರವನ್ನೂ ಮೀಟಿ ನೋಡದೆ ಅಂಗಡಿಯಿಂದ ಹೊರಗೆ ಬಿಡುತ್ತಿರಲಿಲ್ಲ. ಇನ್ನೊಂದು, ಸಾಮಾನು ತುಂಬಿಕೊಂಡು ಓಡಿಸಿ ನೋಡಲಿಲ್ಲ. ಖಾಲಿ ಚೀಲ ಕಟ್ಟಿಕೊಂಡು 12 ಕಿ.ಮೀ. ಹೋಗಿ ಬಂದು ಎಲ್ಲ ಸರಿಯಿದೆ ಎಂದುಬಿಟ್ಟೆ.

ಇವರ ಸೈಕಲ್ಲಿನ ಮುಂದಿನ ಫೋರ್ಕಿನಲ್ಲಿ ಕ್ಯಾರಿಯರ್ ಕೂರಿಸುವ ತೂತುಗಳಿಲ್ಲ. ಆದ್ದರಿಂದ ಭಾರವೆಲ್ಲ ಹಿಂದಕ್ಕೆ ಹೋಯಿತು. ಊರಿಗೆ ಹೋಗುವಾಗ ಸೂಟ್‌ಕೇಸು ತೂಗುವ ಕೊಕ್ಕೆ ತಕ್ಕಡಿ ಮನೆಯಲ್ಲಿತ್ತು, ಅದರಲ್ಲೇ ತೂಗಿದೆ. ಇವರ ಕ್ಯಾರಿಯರ್ ಮೇಲೆ 20 ಕೆ.ಜಿ., ನನ್ನದರ ಮೇಲೆ 11. ಇವರೇ 78 ಕೆ.ಜಿ. ಆ 20ರಲ್ಲಿ ಟೆಂಟು, ಹಾಸಿಗೆ, ಅಕ್ಕಿ ಬೇಳೆ, ಎರಡು ಲೀಟರಿನ ಕುಕ್ಕರು ಎಲ್ಲ ಸೇರಿತ್ತು. 'ಕುಕ್ಕರ್ ಇಲ್ಲದೆ ಅನ್ನ ಸಾರು ಹೇಗೆ ಕಣೇ' ಅಂದರು, ನಾನೂ ಹ್ಞೂಂ ಅಂದೆ. ತಕ್ಕಡಿಯ ಅಂಕಿ ಕಣ್ಣೆದುರೇ ಇತ್ತು, ಅದರ ಅರ್ಥ ನನಗೆ ಹೊಳೆಯಲಿಲ್ಲ.

ಹಂತ 2: ಶನಿವಾರ, ಓರ್ಲೆಯಾಂನಿಂದ ಮ್ಯೂಯಿದ್, 52 ಕಿ.ಮೀ.

ರೈಲಿನಲ್ಲಿ ಓರ್ಲೆಯಾಂ. ಬೋಜಾಂಸಿಯ ಹಳೆಯ ಕಲ್ಲು ಸೇತುವೆ ನೋಡಿ, ಸೇಂ ಲೋರಾಂ ಅಣು ವಿದ್ಯುತ್ ಸ್ಥಾವರದ ದೊಡ್ಡ ಹೊಗೆಗೂಡಿನಂಥ ಗೋಪುರಗಳನ್ನು ದಾಟಿ, ಸಂಜೆಗೆ ಮ್ಯೂಯಿದ್ ಹಳ್ಳಿಯ ಕ್ಯಾಂಪಿಂಗ್ ಜಾಗ. ಊರಿನ ಪುರಸಭೆಯೇ ನಡೆಸುವ ಇಂಥ ಕ್ಯಾಂಪಿಂಗ್‌ಗಳು ಈ ದಾರಿಯುದ್ದಕ್ಕೂ ಸಿಗುತ್ತವೆ. ಬಿಸಿನೀರು, ಹುಲ್ಲು, ನೆರಳು, ಮುಂದೆ ನದಿ. ಇಬ್ಬರಿಗೆ 14 ಯೂರೋ.

ಮೊದಲ ಎಡವಟ್ಟು ಒಲೆಯದು. ನಮ್ಮದು ಸಿಲಿಂಡರಿನ ತಲೆಗೆ ತಿರುಪಿ ಕೂರಿಸುವ ಒಲೆ. ಗ್ಯಾಸು ದಾರಿಯಲ್ಲಿ ಕೊಂಡರಾಯಿತು ಎಂದುಕೊಂಡಿದ್ದೆವು. ಹಳ್ಳಿಯ ಸೂಪರ್ ಮಾರ್ಕೆಟ್ಟಿನಲ್ಲಿ ಇದ್ದದ್ದು ಎರಡೇ ಬಗೆ: ಒಂದು ಚುಚ್ಚಿ ಕೂರಿಸುವುದು, ಇನ್ನೊಂದು ಒತ್ತಿ ತಿರುಗಿಸಿ ಕೂರಿಸುವುದು. ಫ್ರಾನ್ಸಿನಲ್ಲಿ ಸಾಮಾನ್ಯವಾಗಿ ಸಿಗುವುದು ಈ ನೀಲಿ ಡಬ್ಬಿಗಳೇ. ಎರಡೂ ನಮ್ಮ ಒಲೆಗೆ ಕೂರುವುದಿಲ್ಲ. ಆ ರಾತ್ರಿ ಅವಲಕ್ಕಿ, ಮೊಸರು, ಅಮ್ಮ ಕಳಿಸಿದ ಚಟ್ನಿಪುಡಿ. ತಿರುಪುವ ಸಿಲಿಂಡರು ಸಿಕ್ಕಿದ್ದು ನಾಲ್ಕು ದಿನದ ಮೇಲೆ, ತೂರ್ ನಗರದ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ, 7 ಯೂರೋ. ಅಲ್ಲಿಯವರೆಗೆ ಕುಕ್ಕರು ಬರಿದೇ ಕ್ಯಾರಿಯರ್ ಮೇಲೆ ಕೂತಿತ್ತು.

ಹಂತ 3: ಭಾನುವಾರ, ಮೊದಲ ಕಡ್ಡಿ

ಶಾಂಬೋರ್ ಅರಮನೆಯ ಕಾಡಿನೊಳಗೆ ಸೈಕಲ್ ದಾರಿ ಚೆನ್ನಾಗಿದೆ. ಆ ಕಾಡಿನ ಸುತ್ತ 32 ಕಿ.ಮೀ. ಉದ್ದದ ಗೋಡೆಯಿದೆ. ಅದನ್ನು ದಾಟಿ ಬ್ಲ್ವಾ ಊರಿಗೆ ಬಂದು, ಕಲ್ಲು ಹಾಸಿನ ಬೀದಿಯಲ್ಲಿ ಇಳಿಯುವಾಗ ಇವರ ಹಿಂದಿನ ಚಕ್ರದಿಂದ 'ಟಣ್' ಎಂದು ಸದ್ದು. ತಂಬೂರಿ ತಂತಿ ಕಿತ್ತ ಹಾಗೆ. ಬ್ರೇಕ್ ರಬ್ಬರು ಒಂದು ಕಡೆ ರಿಮ್ಮಿಗೆ ಉಜ್ಜತೊಡಗಿತು.

ಬಲಗಡೆಯ, ಅಂದರೆ ಗೇರಿನ ಕಡೆಯ ಕಡ್ಡಿ ಹಬ್ಬಿನ ಹತ್ತಿರ ಬಾಗಿದ ಜಾಗದಲ್ಲೇ ಮುರಿದಿತ್ತು. ಹಿಂದೆ ಭಾರ ಹೆಚ್ಚಾದಾಗ ಸಾಮಾನ್ಯವಾಗಿ ಹೋಗುವುದು ಅದೇ ಜಾಗ. ಹೊಸ ಕಡ್ಡಿ ಹಾಕಬೇಕಾದರೆ ಫ್ರೀವೀಲ್, ಅಂದರೆ ಹಬ್ಬಿನ ಮೇಲಿನ ಗೇರಿನ ಹಲ್ಲುಚಕ್ರಗಳ ಗೊಂಚಲು, ಬಿಚ್ಚಬೇಕು. ಬಿಚ್ಚುವ ಸಾಧನ ನನ್ನ ಹತ್ತಿರ ಇರಲಿಲ್ಲ. ಕಡ್ಡಿಯೂ ಇರಲಿಲ್ಲ. ಇದ್ದದ್ದು ಕಡ್ಡಿಯ ತುದಿಯ ನಟ್ಟು (ನಿಪ್ಪಲ್) ತಿರುಗಿಸುವ ನಿಪ್ಪಲ್ ಕೀ, ಅಲೆನ್ ಕೀಗಳು, ಪಂಕ್ಚರ್ ಪೆಟ್ಟಿಗೆ, ಪಂಪು. ಭಾನುವಾರ ಅಂಗಡಿಗಳು ಮುಚ್ಚಿದ್ದವು. ಇಲ್ಲಿನ ಸಣ್ಣ ಊರುಗಳಲ್ಲಿ ಸೋಮವಾರವೂ ಬಾಗಿಲು ಹಾಕಿರುವುದೇ ಹೆಚ್ಚು.

ಒಂದು ಮರದಡಿ ಸೈಕಲ್ಲು ತಲೆಕೆಳಗೆ ನಿಲ್ಲಿಸಿದೆ. ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿದೆ. ಫ್ರೇಮಿಗೆ ಒಂದು ಪ್ಲಾಸ್ಟಿಕ್ ಟೈ ಕಟ್ಟಿ, ಅದರ ತುದಿ ರಿಮ್ಮಿಗೆ ತಾಗುವ ಹಾಗೆ ಕತ್ತರಿಸಿ ಅಳತೆಗೆ ಇಟ್ಟುಕೊಂಡೆ. ರಿಮ್ಮು ಎಡಕ್ಕೆ 4 ಮಿ.ಮೀ. ಸರಿದಿತ್ತು. ಮುರಿದ ಕಡ್ಡಿಯ ಅಕ್ಕಪಕ್ಕದ ಎಡಗಡೆಯ ಎರಡು ಕಡ್ಡಿ ಸಡಿಲಿಸಿ, ಬಲಗಡೆಯವು ಸ್ವಲ್ಪ ಬಿಗಿ ಮಾಡಬೇಕು. ಇದು ನನಗೆ ಗೊತ್ತು. ಕೀ ತಿರುಗಿಸಿದಷ್ಟೂ ಚಕ್ರ ಇನ್ನೂ ಕೆಡುತ್ತಾ ಹೋಯಿತು. 4 ಇದ್ದದ್ದು 9 ಮಿ.ಮೀ. ಆಯಿತು. ಕೈ ನಡುಗತೊಡಗಿತು.

ತಪ್ಪು ತಿಳಿಯಲು ಇಪ್ಪತ್ತು ನಿಮಿಷ ಬೇಕಾಯಿತು. ಅಪ್ಪನ ಅಂಗಡಿಯಲ್ಲಿ ಚಕ್ರವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕೆಳಭಾಗದ ನಿಪ್ಪಲನ್ನು ಹಬ್ಬಿನ ಕಡೆಯಿಂದ ಬಗ್ಗಿ ನೋಡಿ ತಿರುಗಿಸುತ್ತಿದ್ದೆ. ಹಾಗೆ ನೋಡುವಾಗ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಬಿಗಿ. ಇಲ್ಲಿ ಕೈ ಇಟ್ಟದ್ದು ಚಕ್ರದ ಮೇಲ್ಭಾಗದಲ್ಲಿ, ಟಯರಿನ ಕಡೆಯಿಂದ ನೋಡುತ್ತಿದ್ದೆ. ಇಲ್ಲಿ ಎಲ್ಲವೂ ತಿರುವುಮುರುವು. ಕೈಯ ಅಭ್ಯಾಸವನ್ನು ನಂಬಿ ಬಿಗಿ ಮಾಡಬೇಕಾದ್ದನ್ನು ಸಡಿಲಿಸುತ್ತಿದ್ದೆ. ಎಷ್ಟು ಸುತ್ತು ತಿರುಗಿಸಿದ್ದೆನೆಂದು ಎಣಿಸಿರಲೂ ಇಲ್ಲ. ಕೊನೆಗೆ ಒಂದೊಂದು ನಿಪ್ಪಲಿಗೂ ಕಾಲು ಸುತ್ತು ಮಾತ್ರ, ಪ್ರತಿ ಸಲವೂ ಚಕ್ರ ತಿರುಗಿಸಿ ನೋಡಿ, 2 ಮಿ.ಮೀ.ಗೆ ತಂದೆ. ಹಿಂದಿನ ಬ್ರೇಕ್ ಬಿಚ್ಚಿಬಿಟ್ಟೆ. ಟೆಂಟನ್ನು ನನ್ನ ಸೈಕಲ್ಲಿಗೆ ಹಾಕಿಕೊಂಡು ಮೆಲ್ಲಗೆ ಶೋಮಾಂ ತಲುಪುವಾಗ ರಾತ್ರಿ ಒಂಬತ್ತು. ಜೂನ್ ತಿಂಗಳು, ಇನ್ನೂ ಬೆಳಕಿತ್ತು. ಆ ದಿನ ಒಟ್ಟು 48 ಕಿ.ಮೀ.

ಹಂತ 4: ಸೋಮವಾರ, ಎರಡನೇ ಕಡ್ಡಿ, ಹೊಂದದ ಸಾಧನ

ಶೋಮಾಂನಿಂದ ಅಂಬ್ವಾಜ್ 20 ಕಿ.ಮೀ. ಅಂಬ್ವಾಜ್ ಇನ್ನೂ 6 ಕಿ.ಮೀ. ಇರುವಾಗ ಮತ್ತೆ 'ಟಣ್'. ಮೊದಲನೆಯದರ ಹತ್ತಿರದ್ದೇ, ಬಲಗಡೆಯದೇ. ಒಂದು ಕಡ್ಡಿ ಹೋದರೆ ಅದರ ಹೊರೆ ಪಕ್ಕದವಕ್ಕೆ ಬೀಳುತ್ತದೆ. ಮೊದಲೇ ದಣಿದ ಕಡ್ಡಿಗಳು ಸಾಲಾಗಿ ಹೋಗತೊಡಗುತ್ತವೆ. ಉಳಿದ ದಾರಿ ಇವರು ಸೈಕಲ್ಲು ತಳ್ಳಿಕೊಂಡು ನಡೆದರು.

ಅಂಬ್ವಾಜ್‌ನಲ್ಲಿ ಕ್ಯಾಂಪಿಂಗ್ ಇರುವುದು ನದಿಯ ನಡುಗಡ್ಡೆಯಲ್ಲಿ. ಟೆಂಟಿನ ಬಾಗಿಲಿನಿಂದ ಅರಮನೆ ಕಾಣುತ್ತದೆ. ಲಿಯೊನಾರ್ಡೊ ಡ ವಿಂಚಿ 1519ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ನಮಗೆ ಅದನ್ನೆಲ್ಲ ನೋಡುವ ಮನಸ್ಸಿರಲಿಲ್ಲ.

ಪಕ್ಕದ ಟೆಂಟಿನಲ್ಲಿ ಹಾಲೆಂಡಿನ ವಯಸ್ಸಾದ ದಂಪತಿ. ನಮ್ಮ ಚಕ್ರ ನೋಡಿ ಅವರೇ ಎದ್ದು ಬಂದು ಸಾಧನಗಳ ಚೀಲ ಬಿಚ್ಚಿದರು. ಗೇರು ಬಿಚ್ಚುವ ಹಲ್ಲಿನ ಸಾಧನ ಇತ್ತು! ಆದರೆ ಅದು ಕ್ಯಾಸೆಟ್ಟಿನದು, ಅಂದರೆ ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಹೊಸ ಬಗೆಯ ಗೇರಿನದು. ನಮ್ಮದು ಹಬ್ಬಿನ ಥ್ರೆಡ್ಡಿಗೆ ಇಡಿಯಾಗಿ ತಿರುಪಿ ಕೂರಿಸುವ ಹಳೆಯ ಫ್ರೀವೀಲ್. ನೋಡಲು ಎರಡೂ ಸಾಧನ ಅವಳಿ ಜವಳಿ ಇದ್ದ ಹಾಗೆ, ಆದರೆ ಕ್ಯಾಸೆಟ್ಟಿನದು ದಪ್ಪದಲ್ಲಿ ಒಂದು ಮಿ.ಮೀ.ನಷ್ಟು ಹೆಚ್ಚು. ಒಳಗೆ ಇಳಿಯಲೇ ಇಲ್ಲ. ನಿಮ್ಮ ಹಿಂದಿನ ಗೇರು ಇವೆರಡರಲ್ಲಿ ಯಾವುದು ಎಂದು ಮನೆಯಲ್ಲೇ ನೋಡಿಟ್ಟುಕೊಳ್ಳಿ. ಆ ರಾತ್ರಿ ಅವರ ಒಲೆಯಲ್ಲಿ ನಮಗೆ ಅನ್ನ ಮಾಡಿಕೊಳ್ಳಲು ಬಿಟ್ಟರು. ಸಾರಿನ ಪುಡಿ ಹಾಕಿ ಕುದಿಸಿದ ಟೊಮೆಟೊ ಸಾರನ್ನು ಅವರೂ ಲೋಟದಲ್ಲಿ ಕುಡಿದರು.

ಹಂತ 5: ಮಂಗಳವಾರ, ಹೊಸ ಕಡ್ಡಿ, ನನ್ನ ಅಳತೆ ತಪ್ಪು

ಬೆಳಿಗ್ಗೆ ಊರಿನ ಸೈಕಲ್ ಅಂಗಡಿ. ಮೆಕ್ಯಾನಿಕ್ಕು ಫ್ರೀವೀಲ್ ಬಿಚ್ಚುವ ಸಾಧನವನ್ನು ವೈಸಿಗೆ ಕಚ್ಚಿಸಿ, ಚಕ್ರವನ್ನು ಅದರ ಮೇಲೆ ಕೂರಿಸಿ, ಎರಡೂ ಕೈಯಲ್ಲಿ ಹಿಡಿದು ಬಸ್ಸಿನ ಸ್ಟೀರಿಂಗ್ ತಿರುಗಿಸಿದ ಹಾಗೆ ಎಡಕ್ಕೆ ತಿರುಗಿಸಿದರು. ಒಂದೇ ಏಟಿಗೆ ಸಡಿಲವಾಯಿತು. ಕಡ್ಡಿ ನಾನೇ ಹಾಕುತ್ತೇನೆ ಎಂದೆ. ಮೂಲೆಯಲ್ಲಿ ಜಾಗ ಕೊಟ್ಟರು.

ಕಡ್ಡಿಯ ಉದ್ದವನ್ನು ಬಾಗಿದ ಜಾಗದ ಒಳಬದಿಯಿಂದ ತುದಿಯವರೆಗೆ ಅಳೆಯಬೇಕು. ನಾನು ಮುರಿದ ಎರಡು ತುಂಡು ಜೋಡಿಸಿ, ತಲೆಯ ಹೊರಬದಿಯಿಂದ ಅಳೆದೆ. 293 ಮಿ.ಮೀ. ಬಂತು. ಅಂಗಡಿಯಲ್ಲಿ 292, 294 ಎರಡೂ ಇದ್ದವು. ಗಿಡ್ಡವಾದರೆ ಹಿಡಿತ ಸಾಲದು ಎಂದು 294 ಕೇಳಿದೆ. ಬೇಕಾಗಿದ್ದದ್ದು 290. ಎಂಟು ಕಡ್ಡಿ ಕೊಂಡು ಎರಡು ಹಾಕಿದೆ. ಬಿಗಿ ಮಾಡುವಾಗ ಕೊನೆಯ ಎರಡು ಸುತ್ತು ಕೀ ಗಟ್ಟಿಯಾಗಿ ಬಂತು. ಥ್ರೆಡ್ಡು ಮುಗಿಯುತ್ತಾ ಬಂದಿದೆ ಎಂದು ಕಡ್ಡಿಯೇ ಹೇಳುತ್ತಿತ್ತು. ಹೊಸದಲ್ಲವೇ, ಹಾಗೇ ಇರುತ್ತದೆ ಎಂದುಕೊಂಡು ಒತ್ತಿ ತಿರುಗಿಸಿದೆ.

ಕಡ್ಡಿಗೆ ಒಂದು ಯೂರೋದಂತೆ 8, ಕೂಲಿ 5. ಅಲ್ಲೇ 8 ಯೂರೋ ಕೊಟ್ಟು ಫ್ರೀವೀಲ್ ಬಿಚ್ಚುವ ಸಾಧನವನ್ನೂ ಕೊಂಡೆ. ಇಡೀ ಪ್ರವಾಸದಲ್ಲಿ ಇಷ್ಟು ಬೆಲೆಬಾಳಿದ್ದು ಬೇರೆ ಯಾವುದೂ ಇಲ್ಲ.

14 ಕಿ.ಮೀ. ಹೋಗಿರಲಿಲ್ಲ, ಮೊಂಲ್ವಿ ಹಳ್ಳಿಯ ಹತ್ತಿರ ಇವರ ಹಿಂದಿನ ಟಯರು ಪುಸ್ ಎಂದು ಕೂತಿತು. ಟಯರಿನೊಳಗೆ ಬೆರಳಾಡಿಸಿದರೆ ಮುಳ್ಳಿಲ್ಲ, ಗಾಜಿಲ್ಲ. ಪ್ಯಾಚ್ ಹಾಕಿ ಗಾಳಿ ಹೊಡೆದೆ. ಎರಡು ಕಿ.ಮೀ.ಗೆ ಮತ್ತೆ ಅದೇ. ಈ ಸಲ ಟ್ಯೂಬು ಪೂರ್ತಿ ತೆಗೆದು, ವಾಲ್ವ್ ಜಾಗಕ್ಕೆ ಹೊಂದಿಸಿ ರಿಮ್ಮಿನ ಪಕ್ಕ ಇಟ್ಟು ನೋಡಿದೆ. ತೂತು ರಸ್ತೆಯ ಕಡೆಗೆ ಇರಲಿಲ್ಲ, ರಿಮ್ಮಿನ ಕಡೆಗೆ ಇತ್ತು. ರಿಮ್ಮಿನ ಪಟ್ಟಿ ಎತ್ತಿದರೆ ಹೊಸ ಎರಡೂ ಕಡ್ಡಿಯ ತುದಿ ನಿಪ್ಪಲಿನಿಂದ ಆಚೆ ಚೂಪಾಗಿ ಇಣುಕುತ್ತಿದ್ದವು. ಡಬಲ್ ಗೋಡೆಯ ರಿಮ್ಮಾಗಿದ್ದರೆ ತುದಿ ಒಳಗಿನ ಟೊಳ್ಳಿನಲ್ಲೇ ಉಳಿಯುತ್ತಿತ್ತು. ಸಿಂಗಲ್ ಗೋಡೆಯಲ್ಲಿ ನೇರ ಟ್ಯೂಬಿಗೇ ಚುಚ್ಚಿತು.

ತುದಿ ಉಜ್ಜಲು ಅರ ಬೇಕು. ಮೊಂಲ್ವಿ ದ್ರಾಕ್ಷಿ ತೋಟಗಳ ಊರು. ಮೆದು ಸುಣ್ಣದ ಕಲ್ಲಿನ ಗುಡ್ಡವನ್ನೇ ಕೊರೆದು ವೈನ್ ನೆಲಮಾಳಿಗೆ ಮಾಡಿಕೊಂಡಿದ್ದಾರೆ. ಅಂಥ ಒಂದು ಗುಹೆಯ ಬಾಗಿಲಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ ಹಿರಿಯರ ಹತ್ತಿರ ಇವರು ಹೋಗಿ ಕೇಳಿದರು. ಅರದ ಜೊತೆಗೆ ಕೂರಲು ಒಂದು ಸ್ಟೂಲೂ ಬಂತು. ಎರಡೂ ತುದಿಯನ್ನು ನಿಪ್ಪಲಿನ ಮಟ್ಟಕ್ಕೆ ಉಜ್ಜಿ, ಬೆರಳಿನ ತುದಿಯಿಂದ ಸವರಿ ನೋಡಿ, ಹಳೆಯ ಟ್ಯೂಬಿನ ತುಂಡನ್ನು ಅಲ್ಲಿ ಹಾಸಿ ಮೇಲೆ ಪಟ್ಟಿ ಕೂರಿಸಿದೆ. ಉಳಿದ ಆರು ಕಡ್ಡಿಗಳ ತುದಿಯನ್ನೂ ಅಲ್ಲೇ ಕೂತು 4 ಮಿ.ಮೀ. ಉಜ್ಜಿಟ್ಟುಕೊಂಡೆ. ಒಂದೂವರೆ ಗಂಟೆಯ ಕೆಲಸ. ಹಳೆಯ ಟ್ಯೂಬಿಗೆ ಎರಡು ಪ್ಯಾಚು ಬಿದ್ದಿತ್ತು, ತೂರ್‌ನಲ್ಲಿ ಹೊಸದು ಕೊಂಡೆ, 6 ಯೂರೋ.

ಹಂತ 6: ಬುಧವಾರ, ತೂರ್‌ನಲ್ಲಿ ಠಿಕಾಣಿ, ಭಾರ ಹಂಚಿದ್ದು

ಆ ದಿನ ಸೈಕಲ್ಲು ತುಳಿಯಲಿಲ್ಲ. ಎಲ್ಲ ಚೀಲ ಹುಲ್ಲಿನ ಮೇಲೆ ಸುರಿದು ಮತ್ತೆ ತೂಗಿದೆವು. ಕುಕ್ಕರು, ಇವರ ಜೀನ್ಸು, ನನ್ನ ಎರಡನೇ ಜೊತೆ ಶೂ ಅಂಚೆಯಲ್ಲಿ ಮನೆಗೆ ಹೋದವು. ಎರಡು ಕೆ.ಜಿ. ಇಳಿಯಿತು. ಅನ್ನಕ್ಕೆ ಮುಚ್ಚಳವಿರುವ ಅಲ್ಯುಮಿನಿಯಂ ಪಾತ್ರೆ ಸಾಕಾಯಿತು, ಅಕ್ಕಿಯನ್ನು ಅರ್ಧ ಗಂಟೆ ಮೊದಲೇ ನೆನೆಸಿದರೆ ಗ್ಯಾಸೂ ಉಳಿಯುತ್ತದೆ.

ಫೋರ್ಕಿನಲ್ಲಿ ತೂತಿಲ್ಲದಿದ್ದರೆ ಏನು ಮಾಡುವುದು? ಪೈಪು ಬಿಗಿಯುವ ಹೋಸ್ ಕ್ಲಾಂಪು ನಾಲ್ಕು (ತಲಾ ಒಂದೂವರೆ ಯೂರೋ), ನೀರಿನ ಬಾಟಲಿ ಇಡುವ ಸ್ಟ್ಯಾಂಡು ಎರಡು (ತಲಾ 5) ತಂದೆ. ಫೋರ್ಕಿನ ಒಂದೊಂದು ಕಾಲಿಗೆ ಒಂದೊಂದು ಸ್ಟ್ಯಾಂಡು, ಮೇಲೆ ಕೆಳಗೆ ಒಂದೊಂದು ಕ್ಲಾಂಪು. ಮೊದಲ ಸಲ ಬಣ್ಣದ ಮೇಲೆ ನೇರ ಬಿಗಿದೆ. ಕ್ಯಾಂಪಿಂಗಿನೊಳಗೆ ಒಂದು ಸುತ್ತು ಹೊಡೆಯುವಷ್ಟರಲ್ಲಿ ಎಡಗಡೆಯದು ಜಾರಿ ಚಕ್ರದ ಕಡೆ ತಿರುಗಿತು. ದಾರಿಯಲ್ಲಿ ಹೀಗಾಗಿದ್ದರೆ ಕಡ್ಡಿಗೆ ಸಿಕ್ಕಿ ಇವರು ಮುಗ್ಗರಿಸುತ್ತಿದ್ದರು. ಬಿಚ್ಚಿ, ಹಳೆಯ ಟ್ಯೂಬು ಕತ್ತರಿಸಿ ಫೋರ್ಕಿಗೆ ಎರಡು ಸುತ್ತು ಸುತ್ತಿ, ಅದರ ಮೇಲೆ ಬಿಗಿದೆ. ಆಮೇಲೆ ಕೈಯಲ್ಲಿ ಹಿಡಿದು ತಿರುಚಿದರೂ ಅಲ್ಲಾಡಲಿಲ್ಲ. ಒಂದರಲ್ಲಿ ಸಾಧನಗಳು, ಇನ್ನೊಂದರಲ್ಲಿ ಟೆಂಟಿನ ಗೂಟಗಳು. ಹ್ಯಾಂಡಲ್ ಮುಂದೆ ಅಕ್ಕಿ ಬೇಳೆಯ ಚೀಲ.

ಹೊಸ ಲೆಕ್ಕ: ಇವರದು ಹಿಂದೆ 12, ಮುಂದೆ 4. ನನ್ನದು 13. ಸಂಜೆ ಕೂತು ಹಿಂದಿನ ಚಕ್ರದ ಎಲ್ಲ 36 ಕಡ್ಡಿಯನ್ನೂ ಮೀಟಿದೆ. ಬಲಗಡೆಯವು ಎಡಗಡೆಗಿಂತ ಏರು ಶ್ರುತಿಯಲ್ಲಿರಬೇಕು, ಒಂದೇ ಕಡೆಯವು ತಮ್ಮೊಳಗೆ ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. ಬಲಗಡೆ ಐದು ಕಡ್ಡಿ ಸತ್ತ ಸ್ವರ ಕೊಟ್ಟವು, 'ಡಬ್' ಎಂದು. ಕಾಲು ಕಾಲು ಸುತ್ತು ಬಿಗಿದು ಶ್ರುತಿಗೆ ತಂದೆ. ಏಪ್ರಿಲ್‌ನಲ್ಲಿ ಮಾಡಬೇಕಿದ್ದ ಕೆಲಸ.

ಹಂತ 7: ಗುರುವಾರದಿಂದ ಶನಿವಾರ

ತೂರ್, ವಿಲಾಂದ್ರಿ, ವಿಯೆನ್ ನದಿ ಬಂದು ಸೇರುವ ಕಾಂದ್ ಸೇಂ ಮಾರ್ತಾಂ, ಮೊಂಸೊರೊ: 65 ಕಿ.ಮೀ. ಮರುದಿನ ಸೋಮ್ಯೂರ್ ದಾಟಿ ಆಂಜೆ ಹತ್ತಿರಕ್ಕೆ 63. ಮೂರನೆಯ ದಿನ ಶಾಲೋನ್, ಸೇಂ ಫ್ಲೋರಾಂ ಮೇಲೆ ಆಂಸ್ನಿಗೆ 65. ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ನಾವು ಹೋಗುತ್ತಿದ್ದದ್ದೂ ಪಶ್ಚಿಮಕ್ಕೇ. ಮೂರೂ ದಿನ ಮುಖಕ್ಕೆ ಗಾಳಿ. ಕಡಲಿನ ಕಡೆಯಿಂದ ಶುರು ಮಾಡುವುದು ಒಳ್ಳೆಯದು. ನೀರಿಗೆ ಹಳ್ಳಿಯ ಸ್ಮಶಾನಗಳಲ್ಲಿ ನಲ್ಲಿ ಇರುತ್ತದೆ, ಸೈಕಲ್ಲಿನವರೆಲ್ಲ ಅಲ್ಲೇ ತುಂಬಿಕೊಳ್ಳುತ್ತಾರೆ. 'ನೋಂ ಪೋತಾಬ್ಲ್' ಎಂದು ಬರೆದಿದ್ದರೆ ಕುಡಿಯಬೇಡಿ.

ಶನಿವಾರ ಸಂಜೆ ಆಂಸ್ನಿಗೆ ಎರಡು ಕಿ.ಮೀ. ಇರುವಾಗ ಮೂರನೇ ಕಡ್ಡಿ. ಬಲಗಡೆಯದೇ. ಈ ಸಲ ಎದೆ ಡವಗುಟ್ಟಲಿಲ್ಲ. ಕಡ್ಡಿ ಇತ್ತು, ಸಾಧನ ಇತ್ತು, ವೈಸು ಮಾತ್ರ ಇರಲಿಲ್ಲ.

ಕ್ಯಾಂಪಿಂಗಿನಲ್ಲಿ ವ್ಯಾನ್ ಮನೆಯವರೊಬ್ಬರಿಂದ ದೊಡ್ಡ ಸ್ಪ್ಯಾನರ್ ಎರವಲು ತಂದೆ. ಸಾಧನ ಜಾರಿ ಫ್ರೀವೀಲಿನ ಹಲ್ಲು ಕೆಡದಂತೆ ಅದನ್ನು ಆಕ್ಸಲ್ಲಿನ ನಟ್ಟಿನಿಂದಲೇ ಅದುಮಿ ಹಿಡಿಸಿದೆ. ಇವರು ಚಕ್ರವನ್ನು ನೆಲಕ್ಕೆ ನಿಲ್ಲಿಸಿ ಮಂಡಿಯ ನಡುವೆ ಹಿಡಿದರು. ನಾನು ಸ್ಪ್ಯಾನರಿನ ಮೇಲೆ ನನ್ನ ಭಾರವೆಲ್ಲ ಹಾಕಿದೆ. ಅಲುಗಲಿಲ್ಲ. ಪೆಡಲ್ ತುಳಿದಷ್ಟೂ ಫ್ರೀವೀಲ್ ಬಿಗಿಯಾಗುತ್ತಲೇ ಹೋಗುತ್ತದೆ, ಮೂರು ದಿನ ಗಾಳಿಗೆ ಎದುರಾಗಿ ತುಳಿದದ್ದು ಬೇರೆ. ವ್ಯಾನಿನವರು ಜ್ಯಾಕಿನ ಟೊಳ್ಳು ಹಿಡಿ ತಂದು ಸ್ಪ್ಯಾನರಿನ ಬಾಲಕ್ಕೆ ಸಿಕ್ಕಿಸಿದರು. ಹಿಡಿತ ಎರಡರಷ್ಟು ಉದ್ದವಾಯಿತು. 'ಈಗ ಒತ್ತು' ಅಂದರು ಇವರು. ಕಟ್ ಎಂದು ಸದ್ದು. ನನಗೆ ಸಾಧನವೇ ಮುರಿಯಿತು ಅನಿಸಿತು. ನೋಡಿದರೆ ಫ್ರೀವೀಲ್ ಬಿಟ್ಟುಕೊಂಡಿತ್ತು. ತಕ್ಷಣ ನಟ್ಟು ಸಡಿಲಿಸಿ ಬಿಚ್ಚುವುದನ್ನು ಮುಂದುವರಿಸಿದೆ. ಹಾಗೆ ಮಾಡದಿದ್ದರೆ ನಟ್ಟು ತಡೆದು ಆಕ್ಸಲ್ ಥ್ರೆಡ್ಡು ಹಾಳಾಗುತ್ತದೆ.

ಹೊಸ ಕಡ್ಡಿ ಹಾಕಿ, ಥ್ರೆಡ್ಡಿಗೆ ಗ್ರೀಸು ಸವರಿ ಫ್ರೀವೀಲ್ ಕೂರಿಸಿ, ಬೆಂಡ್ ತೆಗೆಯುವಾಗ ನಿಪ್ಪಲ್ ಕೀ ಇವರ ಕೈಗೆ ಕೊಟ್ಟೆ. ಕೊನೆಯ ಕಾಲು ಸುತ್ತುಗಳನ್ನು ಇವರೇ ತಿರುಗಿಸಿದರು, ನಾನು ಪ್ಲಾಸ್ಟಿಕ್ ಟೈ ನೋಡಿ ಸಾಕು, ಇನ್ನೊಂಚೂರು ಎನ್ನುತ್ತಿದ್ದೆ. ಒಟ್ಟು ಐವತ್ತು ನಿಮಿಷ. ರಿಮ್ಮು ಅರ್ಧ ಮಿ.ಮೀ.ಗೆ ಬಂತು. ಭಾನುವಾರ ಉಳಿದ 42 ಕಿ.ಮೀ. ಸದ್ದಿಲ್ಲದೆ ಮುಗಿಯಿತು.

ಖರ್ಚು

ಹೊರಡುವ ಮೊದಲು: ಸೈಕಲ್ಲು 120, ಟಯರು ನಾಲ್ಕಕ್ಕೆ 88, ಕ್ಯಾರಿಯರ್ 25, ಎರಡು ಜೊತೆ ಸೆಕೆಂಡ್ ಹ್ಯಾಂಡ್ ಚೀಲ 70, ಟೆಂಟು 95, ಒಲೆ 20. ಒಟ್ಟು 418 ಯೂರೋ. ಚೈನು, ಬ್ರೇಕ್ ರಬ್ಬರು, ಗ್ರೀಸು ಮನೆಯಲ್ಲಿ ಮೊದಲೇ ಇದ್ದವು. ದಾರಿಯ ರಿಪೇರಿ: ಕಡ್ಡಿ 8, ಕೂಲಿ 5, ಸಾಧನ 8, ಟ್ಯೂಬು 6, ಸ್ಟ್ಯಾಂಡು 10, ಕ್ಲಾಂಪು 6. ಒಟ್ಟು 43. ಕ್ಯಾಂಪಿಂಗ್ ಒಂದು ರಾತ್ರಿಗೆ 14ರಿಂದ 19ರ ನಡುವೆ.

ಈಗ ನಡೆಯುತ್ತಿರುವ ಕೆಲಸ

ಹಳೆಯ ಚಕ್ರದಲ್ಲಿ ಉಳಿದ 33 ಕಡ್ಡಿಗಳನ್ನೂ ನಾನು ನಂಬುವುದಿಲ್ಲ. ಹಬ್ಬು ಚೆನ್ನಾಗಿದೆ, ಅದನ್ನೇ ಇಟ್ಟುಕೊಂಡು ಡಬಲ್ ಗೋಡೆಯ 36 ತೂತಿನ ರಿಮ್ಮು ತರಿಸಿದ್ದೇನೆ. ಮುಂದಿನ ಭಾನುವಾರ ಅಪ್ಪನನ್ನು ವಿಡಿಯೋ ಕರೆಯಲ್ಲಿ ಕೂರಿಸಿಕೊಂಡು ಹೆಣೆಯುವುದು. ಹೊಸ ರಿಮ್ಮಿನ ಅಳತೆ ಬೇರೆ ಬರುತ್ತದೆ, ಅದನ್ನು ಮೂರು ಸಲ ತೆಗೆದು ಅಪ್ಪನಿಗೆ ಓದಿ ಹೇಳಿದೆ: ಬಲಕ್ಕೆ 286, ಎಡಕ್ಕೆ 288. 'ಬಾಗಿದ ಜಾಗದ ಒಳಗಿನಿಂದ ತಾನೇ ಅಳೆದದ್ದು?' ಎಂದು ಕೇಳಿದರು. ಟೇಪು ತೆಗೆದು ನಾಲ್ಕನೆಯ ಸಲ ಅಳೆದೆ.